ಅಪ್ಪ ಕೂರೋ ಬೋಟು

ಅಕ್ಕಾ,

ಇಲ್ಲಿ ಎಲ್ಲ ಆರಾಮು. ನಿನ್ನ ಮೇಲ್ ರಾತ್ರಿನೇ ನೋಡಿದೆ. ಫೋನಲ್ಲಿ ಕೇಳೋಣ ಅಂದ್ರೆ ಅಪ್ಪ ಪಕ್ಕದಲ್ಲೇ ಕೂತಿರ್ತಾರೆ, "ಏನೂ ಆಗಿಲ್ಲ ಕಣೋ, ನಿಮ್ಮಕ್ಕ ದೊಡ್ಡದು ಮಾಡ್ತಾಳೆ" ಅಂತ ಮಾತು ತಿರುಗಿಸಿಬಿಡ್ತಾರೆ, ಅದಕ್ಕೇ ಬರೀತಿದೀನಿ, ನೀನೂ ಬರೆದೇ ಉತ್ತರ ಕೊಡು. ಅಪ್ಪ ಬಚ್ಚಲಲ್ಲಿ ಬಿದ್ದಿದ್ದು ಕಾಲು ಜಾರಿನಾ, ತಲೆ ಸುತ್ತಿನಾ? ಅಮ್ಮ ಸೋಪಿನ ಮೇಲೆ ಕಾಲಿಟ್ರು ಅಂತಾರೆ. ನೀನು ನೋಡಿದ್ರೆ ಬೀಳೋಕೆ ಮುಂಚೆ ಗೋಡೆ ಹಿಡ್ಕೊಂಡು ನಿಂತಿದ್ರು ಅಂತ ಬರೆದಿದೀಯ. ಜಾರಿ ಬೀಳೋರು ಮುಂಚೆನೇ ಗೋಡೆ ಯಾಕೆ ಹಿಡ್ಕೋತಾರೆ?

ಇನ್ನು ನಾನು ಬೋಟ್ ತಗೋತಿರೋ ವಿಷಯ. "ಈ ಟೈಮಲ್ಲಿ ಇವನಿಗೆ ಇದೆಲ್ಲ ಬೇಕಿತ್ತಾ" ಅಂತ ನೀನು ಬಾಯಿಬಿಟ್ಟು ಬರೆದಿಲ್ಲ, ಆದ್ರೆ ನನಗೂ ಓದೋಕೆ ಬರತ್ತೆ. ಅಮ್ಮ ಅಂತೂ ನಾನು ಸಮುದ್ರಕ್ಕೆ ಇಳೀತೀನಿ ಅಂದ್ಕೊಂಡಿದಾರೆ. ಸಮುದ್ರ ಅಲ್ಲ ಅಂತ ಹೇಳು, ಕೆರೆ, ಸಿಹಿನೀರು. ಅಮೆರಿಕದ ಈ ಮಿನೆಸೋಟ ರಾಜ್ಯದಲ್ಲಿ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ, ಬೋಟ್ ಇಟ್ಕೊಳ್ಳೋದು ಇಲ್ಲಿ ದೊಡ್ಡಸ್ತಿಕೆ ಏನಲ್ಲ, ನಮ್ಮ ಬೀದಿಲೇ ಎಷ್ಟೋ ಮನೆ ಮುಂದೆ ಕಾರು ಮಳೆಲಿ ನೆನೀತಿರತ್ತೆ, ಬೋಟು ಒಳಗೆ ಶೆಡ್ಡಲ್ಲಿ ಬೆಚ್ಚಗಿರತ್ತೆ. ನಾನು ತಗೋತಿರೋದು ಸೆಕೆಂಡ್ ಹ್ಯಾಂಡ್ ಪೊಂಟೂನ್ ಬೋಟು, ಸಾಲ ಇಲ್ಲ, ಅಪ್ಪನ ಆಸ್ಪತ್ರೆ ಖರ್ಚಿಗೆ ಅಂತ ಇಟ್ಟಿರೋ ದುಡ್ಡಿಗೆ ಕೈ ಹಾಕಿಲ್ಲ, ಹಾಕೋದೂ ಇಲ್ಲ, ಇದನ್ನ ಭಾವನಿಗೂ ಓದಿ ಹೇಳು.

ಮತ್ತೆ ಇದು ನನ್ನ ಶೋಕಿಗೂ ಅಲ್ಲ. ಅಪ್ಪ ಜೂನಲ್ಲಿ ಬರ್ತಾರಲ್ಲ, ಬಂದು ಏನು ಮಾಡ್ತಾರೆ ಹೇಳು, ಹೋದ ಸಲ ಸೋಫಾ ಮೇಲೆ ಕೂತು ಕಿಟಕಿ ನೋಡಿದ್ದೇ ನೋಡಿದ್ದು. ಗಾಳ ಕೈಗೆ ಕೊಟ್ರೆ ಆ ಮನುಷ್ಯನೇ ಬೇರೆ. ದಡದಲ್ಲಿ ಕೂರಿಸೋಣ ಅಂದ್ರೆ ಇಲ್ಲಿ ದಡ ಎಲ್ಲ ಬಂಡೆ, ಇಳಿಜಾರು, ಪಾಚಿ. ಬಿದ್ದಿರೋ ಸುದ್ದಿ ಕೇಳಿದ ಮೇಲಂತೂ ಅಲ್ಲಿ ನಿಲ್ಲಿಸೋ ಮಾತೇ ಇಲ್ಲ. ಆಫೀಸಲ್ಲಿ ಒಬ್ಬರು ಬ್ಯಾಸ್ ಬೋಟ್ ತಗೋ ಅಂದ್ರು, ತೆಳ್ಳಗೆ, ನೀರಿಗೆ ತಗ್ಗಾಗಿ, ಬಾಣದ ಹಾಗೆ ಓಡತ್ತೆ. ಮುಂದುಗಡೆ ಮೀನು ಹಿಡಿಯೋ ಜಾಗಕ್ಕೆ ಸುತ್ತ ಕಂಬಿನೇ ಇಲ್ಲ. ಅಪ್ಪನ್ನ ಅದರ ಮೇಲೆ ನೆನೆಸ್ಕೊಂಡೇ ಬೇಡ ಅಂದೆ.

ಪೊಂಟೂನ್ ಬೋಟ್ ಅಂದ್ರೆ ಎರಡೂ ಕಡೆ ಮುಚ್ಚಿರೋ ಉದ್ದನೆ ಅಲ್ಯೂಮಿನಿಯಂ ಟ್ಯೂಬ್ ಎರಡು, ಅದರ ಮೇಲೆ ಚಪ್ಪಟೆ ನೆಲ, ಅದಕ್ಕೆ ಡೆಕ್ ಅಂತಾರೆ, ಸುತ್ತ ಕಂಬಿ, ಕಂಬಿಗೆ ಗೇಟು. ಇದು ಹುಟ್ಟಿದ್ದೇ ಈ ರಾಜ್ಯದಲ್ಲಿ. 1950ರ ದಶಕದ ಶುರುವಲ್ಲಿ ರಿಚ್ಮಂಡ್ ಅನ್ನೋ ಸಣ್ಣ ಊರಿನ ಆಂಬ್ರೋಸ್ ವೀರ್ಸ್ ಅನ್ನೋ ರೈತ ಕಬ್ಬಿಣದ ಡ್ರಮ್ಮುಗಳನ್ನ ಸಾಲಾಗಿ ವೆಲ್ಡ್ ಮಾಡಿ ಮೇಲೆ ಮರದ ನೆಲ ಹೊಡೆದು ಕೆರೆಗೆ ಬಿಟ್ಟನಂತೆ. ಭಾವನಿಗೆ ಇದು ಖುಷಿಯಾಗತ್ತೆ, ಅವರೂ ಡ್ರಮ್ ಸಿಕ್ಕಿದ್ರೆ ಸುಮ್ನೆ ಬಿಡೋರಲ್ಲ.

ಭಾವ ಎರಡು ಟ್ಯೂಬಾ ಮೂರಾ ಅಂತ ಕೇಳಿದಾರೆ, ಸರಿಯಾಗೇ ಕೇಳಿದಾರೆ. ಮೂರು ಟ್ಯೂಬಿನದಕ್ಕೆ ಟ್ರೈಟೂನ್ ಅಂತಾರೆ, ಜನ ಒಂದೇ ಕಡೆ ಬಂದ್ರೂ ಕಮ್ಮಿ ವಾಲತ್ತೆ, ಹೆಚ್ಚು ಭಾರ ಹೊರತ್ತೆ. ಆದ್ರೆ ಬೋಟೇ ಭಾರ, ಅದಕ್ಕೆ ತಕ್ಕ ದೊಡ್ಡ ಮೋಟಾರು, ಎಳೆಯೋಕೆ ದೊಡ್ಡ ಗಾಡಿ. ಸ್ಪೀಡ್ ಬೇಕಾದೋರಿಗೆ, ದೊಡ್ಡ ಕೆರೆಗೆ ಹೋಗೋರಿಗೆ ಅದು. ನಾವು ಮಿಲ್ ಲ್ಯಾಕ್ಸ್ ಥರದ ಕೆರೆಗೆ ಹೋಗೋದೇ ಇಲ್ಲ. ಅದು 200 ಚದರ ಮೈಲಿಗಿಂತ ದೊಡ್ಡದು, ಆಳ ನೋಡಿದ್ರೆ ಎಲ್ಲೂ 45 ಅಡಿ ದಾಟಲ್ಲ, ಅದಕ್ಕೇ ಗಾಳಿ ಎದ್ರೆ ಅಲೆ ಗಿಡ್ಡಕ್ಕೆ, ಒತ್ತೊತ್ತಾಗಿ ಬಂದು ಹೊಡೆಯತ್ತೆ. ಪೊಂಟೂನಿನ ಮೂತಿ ಅಂಥಾ ಅಲೆ ಒಳಗೆ ತೂರಿದ್ರೆ ನೀರು ನೇರವಾಗಿ ಡೆಕ್ ಮೇಲೇ ಬರತ್ತೆ, ಎಲ್ಲರೂ ಮುಂದುಗಡೆ ಕೂತಿದ್ರೆ ಇನ್ನೂ ಬೇಗ. ಹಾಗಾಗಿ ನಮಗೆ ಸಣ್ಣ ಕೆರೆ, ಎರಡು ಟ್ಯೂಬು, ಆದ್ರೆ ಟ್ಯೂಬಿನ ಅಡ್ಡಳತೆ 25 ಇಂಚು ಇರಲೇಬೇಕು ಅಂತ ಹಿಡಿದಿದೀನಿ, 23 ಇಂಚಿನದ್ದು ನಾಲ್ಕು ಜನ ಹತ್ತಿದ್ರೇ ನೀರಲ್ಲಿ ತಗ್ಗಿ ಕೂತ ಹಾಗೆ ಕಾಣ್ತಿತ್ತು. ಉದ್ದ 20 ಅಡಿ, ಅಗಲ ಎಂಟೂವರೆ. ಅಗಲ ಇದ್ದಷ್ಟೂ ಟ್ಯೂಬು ದೂರ ದೂರ ಕೂರತ್ತೆ, ವಾಲೋದು ಕಮ್ಮಿ. ಮೋಟಾರು 60 ಹಾರ್ಸ್‌ಪವರ್, ಫೋರ್ ಸ್ಟ್ರೋಕ್. ಅಂಗಡಿಯವರು 115 ಹಾಕ್ಸಿ ಹಾಕ್ಸಿ ಅಂದ್ರು. ನಮಗೆ ಯಾರನ್ನ ಅಟ್ಟಿಸ್ಕೊಂಡು ಹೋಗೋದಿದೆ?

ಮೊದಲು ನೋಡಿದ ಬೋಟು ಹೊರಗಿಂದ ಫಳಫಳ ಅಂತಿತ್ತು. ಜೊತೆಗೆ ಬಂದ ಮೆಕ್ಯಾನಿಕ್ ಟ್ಯೂಬಿನ ಪ್ಲಗ್ ಬಿಚ್ಚಿ ಸ್ವಲ್ಪವೇ ಗಾಳಿ ತುಂಬಿಸಿ, ವೆಲ್ಡಿಂಗ್ ಉದ್ದಕ್ಕೂ ಸೋಪು ನೀರು ಹಚ್ಕೊಂಡು ಹೋದ, ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕಿದ ಹಾಗೇನೇ. ಹಿಂದುಗಡೆ ಒಂದು ಜಾಯಿಂಟಲ್ಲಿ ಬುಳುಬುಳು ಅಂತ ಗುಳ್ಳೆ. ಒಳಗೆ ನೀರು ಸೇರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿದ್ರೆ ವೆಲ್ಡಿಂಗೇ ಸೀಳತ್ತಂತೆ. ಟ್ಯೂಬಿನ ಒಳಗೆ ಅಡ್ಡಗೋಡೆ ಹಾಕಿ ಬೇರೆ ಬೇರೆ ಕೋಣೆ ಮಾಡಿರ್ತಾರೆ, ಒಂದು ಕಡೆ ತೂತಾದ್ರೂ ಇಡೀ ಬೋಟ್ ಮುಳುಗಲ್ಲ, ಅಮ್ಮನಿಗೆ ಇದನ್ನ ಎರಡು ಸಲ ಹೇಳು. ಮೋಟಾರ್ ಹತ್ತಿರ ಡೆಕ್ ಮೇಲೆ ಹಿಮ್ಮಡಿ ಊರಿದ್ರೆ ಮೆತ್ತಗೆ ಒಳಗೆ ಹೋಗ್ತಿತ್ತು, ಕೆಳಗಿನ ಪ್ಲೈವುಡ್ ಕೊಳೆತಿದೆ ಅಂತ. ಅಲ್ಲಿಂದ ಹೊರಟೇಬಿಟ್ವಿ.

ಎರಡನೇದು ಹಿಡಿಸಿದೆ. ಇದನ್ನ ನಾನು ಅಪ್ಪನ ಕಾಲಲ್ಲೇ ನೋಡಿದೆ ಅನ್ಕೋ. ನೀನು ಕಳಿಸಿದ ವಿಡಿಯೋಲಿ ಅಪ್ಪ ಪಾದ ಎತ್ತದೇ ಉಜ್ಕೊಂಡು ನಡೀತಾರಲ್ಲ, ಹಾಗೇ ನಡ್ಕೊಂಡು ಬೋಟ್ ಕಟ್ಟೋ ಕಟ್ಟೆಯಿಂದ ಬೋಟಿಗೆ ಹೋದೆ. ಮಾರೋ ಮನುಷ್ಯ ನನಗೇ ಏನೋ ತೊಂದರೆ ಅಂತ ಕೈ ಕೊಡೋಕೆ ಬಂದ! ಗೇಟಿನ ಕೆಳಗೆ ಒಂದು ಪಟ್ಟಿ ಎದ್ದಿತ್ತು, ಎಡವೋಕೆ ಅಷ್ಟು ಸಾಕು, ಅದನ್ನ ತೆಗೆಸಬೇಕು. ಕಟ್ಟೆಗೂ ಬೋಟಿಗೂ ಮಧ್ಯೆ ಅಂಗೈ ಅಗಲ ಸಂದಿ, ಅದಕ್ಕೆ ಕಂಬಿ ಇರೋ ಸಣ್ಣ ಹಲಗೆ ಮಾಡಿಸ್ತೀನಿ. ನೆಲಕ್ಕೆ ಕಾರ್ಪೆಟ್ ಇದ್ದಿದ್ರೆ ಗಾಳದ ಕೊಕ್ಕೆ ಸಿಕ್ಕಾಕ್ಕೊಳ್ಳತ್ತೆ, ಮೀನಿನ ಲೋಳೆ ವಾಸನೆ ಹೋಗಲ್ಲ, ಇದು ವಿನೈಲು, ಮೇಲೆ ಜಾರದ ಹಾಗೆ ಗೀರು ಇದೆ. ನೀರು ಸುರಿದು ಬರಿಗಾಲಲ್ಲೂ ನಿಂತು ನೋಡಿದೆ, ಹಿಡಿತ ಚೆನ್ನಾಗಿದೆ.

ಸಮಸ್ಯೆ ಇರೋದು ಕುರ್ಚಿದು. ಫಿಶಿಂಗ್ ಮಾಡೆಲ್ ಅಂದ್ರೆ ಮುಂದೆ ಎರಡು ಮೂಲೆಲಿ ಕಂಬದ ಮೇಲೆ ಗಿರಗಿರ ತಿರುಗೋ ಕುರ್ಚಿ ಇರತ್ತೆ, ಯಾವ ಕಡೆ ಬೇಕಾದ್ರೂ ತಿರುಗಿ ಗಾಳ ಎಸೀಬಹುದು ಅಂತ. ಕಾಲು ಜಾರಿ ಬಿದ್ದಿದ್ರೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ, ಏಳದೇ ಮೀನು ಹಿಡೀಬಹುದು. ತಲೆ ಸುತ್ತಿದ್ರೆ? ನೀರು ಬೇರೆ ಅಲ್ಲಾಡತ್ತೆ, ಕುರ್ಚಿ ಬೇರೆ ತಿರುಗತ್ತೆ, ಕೂರೋಕೆ ಹೋಗುವಾಗಲೇ ಸರ್ ಅಂತ ಪಕ್ಕಕ್ಕೆ ತಿರುಗಿಬಿಟ್ರೆ? ಆಗ ಎರಡೂ ಕುರ್ಚಿ ತೆಗೆಸಿ ಉದ್ದನೆ ಬೆಂಚು ಹಾಕಿಸಬೇಕು, ಇಲ್ಲಾ ಲಾಕ್ ಆಗೋ ಕುರ್ಚಿ, ಕೈ ಇರೋದು. ಅದಕ್ಕೇ ಅಕ್ಕ ನಾನು ಪದೇ ಪದೇ ಕೇಳ್ತಿರೋದು. ಮಂಚದಿಂದ ಏಳುವಾಗ ತಲೆ ತಿರುಗತ್ತಾ, ಪಕ್ಕಕ್ಕೆ ಹೊರಳಿದ್ರೆ ತಿರುಗತ್ತಾ, ಎಷ್ಟು ಹೊತ್ತು ಇರತ್ತೆ, ಇದನ್ನ ಡಾಕ್ಟರ್ ಕೇಳಿದ್ರಾ? ಬಿಪಿ ಮಾತ್ರೆ ಬದಲಾಯಿಸಿದ ಮೇಲೆ ಶುರುವಾಗಿದ್ದಾ? ರಕ್ತ ತೆಳ್ಳಗೆ ಮಾಡೋ ಮಾತ್ರೆ ಇನ್ನೂ ನಡೀತಿದ್ರೆ ತಲೆಗೆ ಪೆಟ್ಟು ಬಿದ್ದಿದ್ದನ್ನ ಹಗುರವಾಗಿ ತಗೋಬಾರದು, ಹೊರಗೆ ಗಾಯ ಕಾಣಲಿಲ್ಲ ಅಂತ ಸುಮ್ನೆ ಆಗಬೇಡಿ. ಸ್ಕ್ಯಾನ್ ಮಾಡಿಸಿದೀರ ಅಂತ ಅಮ್ಮ ಹೇಳಿದ್ರು, ಮಾಡಿಸಿದೀರ ತಾನೇ? ರಿಪೋರ್ಟ್ ಫೋಟೋ ಕಳಿಸು. ನೀನು ಒಬ್ಬಳೇ ಎಲ್ಲ ಓಡಾಡ್ತಿದೀಯ ಅಂತ ಗೊತ್ತು, ಕೂತಲ್ಲಿಂದ ಪ್ರಶ್ನೆ ಕೇಳೋದು ಸುಲಭ ಅಂತ ನೀನು ಬೈದ್ರೂ ಪರವಾಗಿಲ್ಲ, ಆದ್ರೆ ಉತ್ತರ ಬರಿ.

ಗಾಳಿಗೂ ಹೆದರಬೇಡಿ. ಪೊಂಟೂನಿಗೆ ಒಂದು ಕೆಟ್ಟ ಗುಣ ಇದೆ ನಿಜ, ಸುತ್ತ ಕಂಬಿ, ಮೇಲೆ ನೆರಳಿಗೆ ಬಟ್ಟೆ, ಗಾಳಿ ಹಿಡ್ಕೊಂಡು ಪಕ್ಕಕ್ಕೆ ತಳ್ಳತ್ತೆ. ಬೆಂಡು ನೋಡ್ತಾ ಕೂತಿದ್ರೆ ಬೋಟು ಎಲ್ಲೋ ಹೋಗಿರತ್ತೆ. ಅದಕ್ಕೆ ಮುಂದುಗಡೆ ಬ್ಯಾಟರಿಲಿ ಓಡೋ ಸಣ್ಣ ಟ್ರೋಲಿಂಗ್ ಮೋಟಾರು ಹಾಕಿಸ್ತೀನಿ, ಜಿಪಿಎಸ್ ಇರೋದು. ಬಟನ್ ಒತ್ತಿದ್ರೆ ನಿಂತ ಜಾಗದಲ್ಲೇ ಹಿಡಿದು ನಿಲ್ಲಿಸತ್ತೆ, ಲಂಗರು ಎತ್ತಿ ಇಳಿಸಿ ಸೊಂಟ ಮುರ್ಕೊಳ್ಳೋದಿಲ್ಲ. ನೂರು ಪೌಂಡ್ ಭಾರಕ್ಕೆ ಎರಡು ಪೌಂಡ್ ಥ್ರಸ್ಟ್, ಅಂದ್ರೆ ತಳ್ಳೋ ಶಕ್ತಿ, ಅನ್ನೋ ಲೆಕ್ಕ, ಜನ ಸಾಮಾನು ಎಲ್ಲ ಸೇರಿ 3,500 ಪೌಂಡ್ ಅಂದ್ರೆ 70 ಬೇಕು, ಗಾಳಿಗೆ ಅಂತ 80ರದ್ದೇ ನೋಡಿದೀನಿ, 24 ವೋಲ್ಟ್. ಡೆಕ್ ಎತ್ತರ ಇರೋದ್ರಿಂದ ಅದರ ಕೋಲು ಉದ್ದ ಇರಬೇಕು, ಗಿಡ್ಡ ಇದ್ರೆ ಅಲೆಲಿ ಫ್ಯಾನ್ ನೀರಿಂದ ಮೇಲೆ ಬಂದು ಸುಮ್ನೆ ಗೊರಗೊರ ಅನ್ನತ್ತೆ. ಮೀನು ಎತ್ತೋ ಬಲೆಗೂ ಅಷ್ಟೇ, ಉದ್ದ ಹಿಡಿ ಬೇಕು, ಇಲ್ಲಾಂದ್ರೆ ಅಪ್ಪ ಖಂಡಿತ ಕಂಬಿ ಮೇಲೆ ಬಗ್ತಾರೆ.

ಅಪ್ಪನಿಗೆ ನಗು ಬರೋ ವಿಷಯ ಒಂದೆರಡು ಹೇಳು. ಇಲ್ಲಿ ಇಂಬಳನ ದುಡ್ಡು ಕೊಟ್ಟು ಡಬ್ಬಿಲಿ ತಗೋತಾರೆ, ಡಜನ್ ಲೆಕ್ಕ, ಪೆಟ್ರೋಲ್ ಬಂಕಲ್ಲೂ ಸಿಗತ್ತೆ. ವಾಲೈ ಅನ್ನೋ ಮೀನಿಗೆ ಇಂಬಳ ಅಂದ್ರೆ ತುಂಬಾ ಇಷ್ಟ, ಆ ಮೀನಿಗೆ 1965ರಿಂದ ರಾಜ್ಯದ ಮೀನು ಅಂತ ಮರ್ಯಾದೆ ಬೇರೆ. ಲೈಸೆನ್ಸ್ ಇಲ್ಲದೇ ಗಾಳ ಮುಟ್ಟೋ ಹಾಗಿಲ್ಲ, ಹೊರಗಿನವರಿಗೆ ಒಂದು ದಿನದ್ದು, ಮೂರು ದಿನದ್ದು, ವಾರದ್ದು ಅಂತ ಸಿಗತ್ತೆ. ಮತ್ತೆ ಬೇಸಿಗೆಲಿ ಒಬ್ಬರಿಗೆ ಒಂದೇ ಗಾಳ, ಚಳಿಗಾಲದಲ್ಲಿ ಐಸ್ ಕೊರೆದು ಹಿಡಿಯುವಾಗ ಮಾತ್ರ ಎರಡು. ನಾಲ್ಕೈದು ಕೋಲು ಸಾಲಾಗಿ ಊರಿ ಕೂರೋ ಅಪ್ಪನಿಗೆ ಇದು ಹೇಗೆ ಸಮಾಧಾನ ಆಗತ್ತೋ. ಕೆರೆಯಿಂದ ಹೊರಡುವಾಗ ಬೋಟಿನ ನೀರೆಲ್ಲ ಚೆಲ್ಲಬೇಕು, ಮೀನು ಜೀವಂತ ಇಡೋ ತೊಟ್ಟಿದೂ ಸೇರಿ, ಪ್ಲಗ್ ತೆಗೆದೇ ರಸ್ತೆಗೆ ಹತ್ತಬೇಕು. ಜೀಬ್ರಾ ಮಸಲ್ ಅಂತ ಉಗುರಿನಷ್ಟು ಚಿಪ್ಪಿನ ಹುಳ ಒಂದು ಕೆರೆಯಿಂದ ಇನ್ನೊಂದಕ್ಕೆ ಹಬ್ಬತ್ತೆ ಅಂತ. ಹಿಡಿದರೆ ದಂಡ. ಅತಿ ಅನ್ಸತ್ತೆ, ಆದ್ರೆ ಕೆರೆ ನೀರು ನೋಡಿದ್ರೆ ಸರಿನೇ ಮಾಡ್ತಾರೆ ಅನ್ಸತ್ತೆ.

ಅಪ್ಪನಿಗೆ ಈಜು ಬರಲ್ಲ ಅಂತ ಅಮ್ಮ ಎಷ್ಟು ಸಲ ಹೇಳ್ತಾರೆ. ಕಾನೂನು ಪ್ರಕಾರ ಬೋಟ್ ಓಡುವಾಗ 10 ವರ್ಷದ ಒಳಗಿನ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿರಬೇಕು, ದೊಡ್ಡವರಿಗೆ ಒಬ್ಬೊಬ್ಬರಿಗೆ ಒಂದೊಂದು ಬೋಟಲ್ಲಿದ್ರೆ ಸಾಕು. ನಮ್ಮ ಬೋಟಲ್ಲಿ ಆ ಸಾಕು ಇಲ್ಲ, ಪುಟ್ಟಿಗೂ ಹಾಕು, ಅಪ್ಪನಿಗೂ ಹಾಕು, ನಾನೂ ಹಾಕ್ಕೋತೀನಿ, ಕಟ್ಟೆ ಮೇಲೇ ಹಾಕ್ಕೊಂಡು ಆಮೇಲೆ ಹತ್ತೋದು. ಗಾಳಿ ತುಂಬಿ ಉಬ್ಬೋ ತೆಳ್ಳಗಿನದ್ದು ಬೇಡ, ಈಜು ಬರದೋರಿಗೆ ಫೋಮಿನದ್ದೇ ಸರಿ. ನೀರಿಗೆ ಎಸೆಯೋ ಫ್ಲೋಟ್ ಒಂದು ಇರತ್ತೆ. ಮೋಟಾರ್ ಆಫ್ ಮಾಡೋ ಸ್ವಿಚ್ಚಿಗೆ ಒಂದು ದಾರ, ಅದನ್ನ ನನಗೆ ಕಟ್ಕೊಂಡಿರ್ತೀನಿ, ನಾನು ಬಿದ್ರೆ ಮೋಟಾರ್ ಅಲ್ಲೇ ಆಫ್. ನಾನು ಬೀಳಲ್ಲ. ಯಾರೂ ಬೀಳಲ್ಲ. ಬಟ್ಟೆ ನೆರಳಿದೆ, ಮೂಲೆಲಿ ಪರದೆ ಕಟ್ಟಿ ಸಣ್ಣ ಟಾಯ್ಲೆಟ್ ಇಡೋಕೂ ಜಾಗ ಇದೆ, ಅಪ್ಪನಿಗೆ ಅದೊಂದು ಸಂಕೋಚ ಅಂತ ನನಗೆ ಗೊತ್ತಿಲ್ವಾ.

ವಿಮಾನಕ್ಕೆ ವೀಲ್‌ಚೇರ್ ಕೇಳಿದೀನಿ, ಅಪ್ಪ ಬೇಡ ಅಂತಾರೆ, ಕೂರಿಸು. ಡಾಕ್ಟರ್ ಪ್ರಯಾಣವೇ ಬೇಡ ಅಂದ್ರೆ ಅದನ್ನೂ ಮುಚ್ಚಿಡಬೇಡ, ನಾನೇ ಬರ್ತೀನಿ, ಬೋಟು ಆಮೇಲೆ. ಮಾರೋರಿಗೆ ಭಾನುವಾರದವರೆಗೆ ಟೈಮ್ ಕೇಳಿದೀನಿ, ಕುರ್ಚಿನಾ ಬೆಂಚಾ ಅಂತ ಅಷ್ಟರೊಳಗೆ ಹೇಳಬೇಕು. ಅಪ್ಪನ್ನ ಕೇಳಬೇಡ, ಕುರ್ಚಿ ಅಂತಾನೇ ಹೇಳ್ತಾರೆ. ನೀನು ನೋಡಿ ಹೇಳು. ಬೆಳಿಗ್ಗೆ ಎಚ್ಚರ ಆದ ತಕ್ಷಣ ಮಲಗಿದ್ದಾಗಲೇ ನೋಡಿದ ಬಿಪಿ, ಎದ್ದು ನಿಂತ ಮೇಲಿನ ಬಿಪಿ, ಎರಡೂ ಬರೆದಿಡು, ಭಾವನಿಗೆ ಹೇಳಿ ಬಚ್ಚಲಲ್ಲಿ ಕಂಬಿ ಹಾಕಿಸು, ಇವತ್ತೇ.

ಪುಟ್ಟಿ ಸ್ಕೂಲ್ ಬಸ್ ಬಂತು, ಉಳಿದಿದ್ದು ಆಮೇಲೆ. ಅಮ್ಮನಿಗೆ ಹೇಳು ಚೆನ್ನಾಗಿದೀವಿ ಅಂತ. ರಿಪೋರ್ಟ್ ಫೋಟೋ ಮರೀಬೇಡ.

ನಿನ್ನ ತಮ್ಮ