13 ಅಡಿ ಗೋಡೆ ಮತ್ತು ನನ್ನ ಜೆರಾಕ್ಸ್ ಅಂಗಡಿ: ಸಂಸದರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಂಸದರು,
ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ

ಮಾನ್ಯರೇ,

ನಮಸ್ಕಾರ. ನಾನು ನಿಮ್ಮ ಕ್ಷೇತ್ರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಮಷಿನ್, ಒಂದು ಕಂಪ್ಯೂಟರ್, ಒಂದು ಲ್ಯಾಮಿನೇಷನ್ ಯಂತ್ರ. ಪಕ್ಕದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸು, ಎದುರಿಗೆ ಬ್ಯಾಂಕು, ಹಿಂದಿನ ರಸ್ತೆ ಪೂರ್ತಿ ಪೀಜಿಗಳು. ಜೆರಾಕ್ಸ್ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಆ ವ್ಯಾಪಾರದಲ್ಲಿ ಅರ್ಧಕ್ಕರ್ಧ ಒಂದೇ ಕಾಗದದ್ದು. ಆಧಾರ್.

ಹಾಗಾಗಿ ಆಧಾರ್ ಜೆರಾಕ್ಸ್ ಕೇಳುವುದು ನಿಲ್ಲಲಿ ಅಂತ ಬರೆದು ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಳ್ಳುತ್ತಿದ್ದೇನೆ ಅಂತ ನನ್ನ ಹೆಂಡತಿಯ ಅಭಿಪ್ರಾಯ. ಇರಲಿ, ಬರೆದೇ ಬಿಡುತ್ತೇನೆ.

ನಮ್ಮ ಅಂಗಡಿಯಲ್ಲಿ ಏನು ನಡೆಯುತ್ತೆ ಅಂತ ಮೊದಲು ಹೇಳಬೇಕು. ಒಬ್ಬ ಹುಡುಗ ಬರುತ್ತಾನೆ. "ಅಣ್ಣಾ, ವಾಟ್ಸಾಪ್ ಮಾಡಿದೀನಿ, ಎರಡು ಕಲರ್ ಪ್ರಿಂಟ್." ಪಿಡಿಎಫ್ ತೆಗೆದರೆ ಪಾಸ್‌ವರ್ಡ್ ಕೇಳುತ್ತೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ನಾನು ಕೇಳುವ ಮುಂಚೆಯೇ ಗಟ್ಟಿಯಾಗಿ ಹೇಳುತ್ತಾನೆ, ಹಿಂದೆ ನಿಂತವರಿಗೂ ಕೇಳುವ ಹಾಗೆ. ಹೇಳದಿದ್ದರೂ ಊಹಿಸಬಹುದು, ಅದೇನು ಬ್ರಹ್ಮವಿದ್ಯೆ ಅಲ್ಲ. ಪ್ರಿಂಟ್ ತಗೊಂಡು ಅವನು ಹೋಗುತ್ತಾನೆ. ಪಿಡಿಎಫ್ ನನ್ನ ಹತ್ತಿರವೇ ಉಳಿಯುತ್ತೆ.

ಒಂದು ರಾತ್ರಿ ಶಟರ್ ಎಳೆಯುವ ಮುಂಚೆ ಸುಮ್ನೆ ಡೌನ್‌ಲೋಡ್ ಫೋಲ್ಡರ್ ತೆಗೆದು ನೋಡಿದೆ. ಆರು ತಿಂಗಳಿಂದ ಏನೂ ಅಳಿಸಿರಲಿಲ್ಲ. ಮೌಸ್ ತಿರುಗಿಸಿದಷ್ಟೂ ಮುಖಗಳು. ಪೀಜಿ ಹುಡುಗರು, ಬ್ಯಾಂಕಿಗೆ ಬಂದ ಮುದುಕರು, ಸೈಟು ಮಾರಿದವರು, ಕೊಂಡವರು, ಸಾಕ್ಷಿ ಹಾಕಿದವರು. ಹೆಸರು, ವಿಳಾಸ, ಹುಟ್ಟಿದ ದಿನ, 12 ಅಂಕಿ. ಅಲ್ಲೇ ಕೂತು ಎಲ್ಲ ಅಳಿಸಿದೆ. ಈಗ ಪ್ರತಿ ದಿನ ಅಳಿಸುತ್ತೇನೆ. ಅಳಿಸು ಅಂತ ನನಗೆ ಯಾರೂ ಹೇಳಿಲ್ಲ. ಅಳಿಸದಿದ್ದರೆ ಕೇಳುವವರೂ ಯಾರೂ ಇರಲಿಲ್ಲ.

ಕಾಗದದ ಕತೆ ಇನ್ನೂ ಕಷ್ಟ. ವಾರೆಯಾಗಿ ಬಂದ ಕಾಪಿ, ಮಸಿ ಜಾಸ್ತಿಯಾದ ಕಾಪಿ, ಇವೆಲ್ಲ ಒಂದು ಡಬ್ಬಕ್ಕೆ ಹೋಗುತ್ತಿದ್ದವು. ತಿಂಗಳಿಗೊಮ್ಮೆ ರದ್ದಿಯವನು ಬಂದು ಕೆಜಿ ಲೆಕ್ಕದಲ್ಲಿ ತೂಗಿ ಒಯ್ಯುತ್ತಿದ್ದ. ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಬಿಸಿ ಕಡಲೆಕಾಯಿ ತಗೊಂಡೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಒಬ್ಬ ಹೆಂಗಸಿನ ಅರ್ಧ ಮುಖ, ಕೆಳಗೆ ಎಂಟು ಅಂಕಿ. ಎಡಗಡೆ ಉದ್ದಕ್ಕೆ ತೆಳ್ಳಗೆ ಒಂದು ಕಪ್ಪು ಗೆರೆ. ಆಗ ನನ್ನ ಹಳೆಯ ಮಷಿನ್ನಿನ ಡ್ರಮ್ಮಿನಲ್ಲಿ ಒಂದು ಗೀರು ಇತ್ತು. ಅದರ ಪ್ರತಿ ಕಾಪಿಯಲ್ಲೂ ಎಡಗಡೆ ಅಂಥದೇ ಗೆರೆ ಬರುತ್ತಿತ್ತು. ಆ ಪೊಟ್ಟಣವನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಮಾರನೆಯ ದಿನವೇ ಕಾಗದ ಚೂರು ಮಾಡುವ ಯಂತ್ರ ತಂದೆ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. 2018ರ ಮಾರ್ಚ್‌ನಲ್ಲಿ ಆಧಾರ್ ಕೇಸಿನ ವಿಚಾರಣೆ ನಡೆಯುತ್ತಿದ್ದಾಗ ಸರ್ಕಾರದ ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿಗೆ ಒಂದು ಮಾತು ಹೇಳಿದರು. ಜನರ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಯ ಹಿಂದೆ ಭದ್ರವಾಗಿದೆ ಅಂತ. ಇರಬಹುದು. ಆ ಗೋಡೆಯ ಮೇಲೆ ನನಗೆ ಅನುಮಾನ ಇಲ್ಲ. ನನ್ನ ಅಂಗಡಿಗೂ ಪಕ್ಕದ ಟೀ ಅಂಗಡಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಆ ಗೋಡೆಯ ಹಿಂದೆ ಇರುವ ನಂಬರೇ ಈ ಹಲಗೆಯ ಹಿಂದೆಯೂ ಇದೆ. ನನ್ನಂಥ ಅಂಗಡಿ ಈ ಊರಿನಲ್ಲಿ ಬೀದಿಗೊಂದು.

ನಂಬರ್ ಸಿಕ್ಕಿದ ಮಾತ್ರಕ್ಕೆ ಏನಾಗುತ್ತೆ ಅಂತ ನೀವು ಕೇಳಬಹುದು. ನಂಬರೊಂದೇ ಆದರೆ ಜಾಸ್ತಿ ಏನೂ ಆಗುವುದಿಲ್ಲ. ನಂಬರಿನ ಜೊತೆ ಹೆಬ್ಬೆಟ್ಟೂ ಸಿಕ್ಕರೆ?

ನಮ್ಮ ದೊಡ್ಡಮ್ಮನಿಗೆ ಪಾಲಿಗೆ ಬಂದ ಚೂರು ಜಾಗ ಇತ್ತು. ಅದನ್ನು ಮಾರಿದಾಗ ಎಲ್ಲರ ಹಾಗೆ ಅವರೂ ನೋಂದಣಿಗೆ ಹೋದರು. ಕ್ರಯಪತ್ರದ ಹಿಂದೆ ಫೋಟೋ, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು, ಜೊತೆಗೆ ಆಧಾರ್ ಕಾಪಿ. ಮೂರೂ ಒಂದೇ ಕಟ್ಟಿನಲ್ಲಿ. ಆ ಕಾಪಿ ಮಾಡಿಕೊಟ್ಟವನೂ ನಾನೇ. ಕೆಲವು ತಿಂಗಳಾದ ಮೇಲೆ ಅವರ ಖಾತೆಯಿಂದ 10,000 ರೂಪಾಯಿ ಹೋಯಿತು. ಮಾರನೆಯ ದಿನ ಇನ್ನೊಂದು 10,000. ಓಟಿಪಿ ಬಂದಿರಲಿಲ್ಲ. ಕಾರ್ಡು ಬೀರುವಿನಲ್ಲೇ ಇತ್ತು. ಇಂಗ್ಲಿಷ್ ಮೆಸೇಜು ಬಂದಿತ್ತು, ಅದನ್ನು ಮೊಮ್ಮಗ ಓದಿದ್ದು ಭಾನುವಾರ.

ಬ್ಯಾಂಕಿನಲ್ಲಿ ಇದು ಎಇಪಿಎಸ್ ಅಂದರು. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು. ಈ ಮೂರು ಇದ್ದರೆ ಸಾಕು, ಯಾವುದೋ ಊರಿನ ಚಿಕ್ಕ ಮಷಿನ್ನಿನಲ್ಲಿ ದುಡ್ಡು ತೆಗೆಯಬಹುದು. ಬ್ಯಾಂಕ್ ಇಲ್ಲದ ಹಳ್ಳಿಯವರಿಗೆ ಅದರಿಂದ ಉಪಕಾರ ಆಗಿದೆ, ಇಲ್ಲ ಅನ್ನುವುದಿಲ್ಲ. ದೊಡ್ಡಮ್ಮ ಮಾತ್ರ ಆ ಸೌಲಭ್ಯವನ್ನು ಯಾವತ್ತೂ ಕೇಳಿರಲಿಲ್ಲ. ಅದು ತನ್ನ ಖಾತೆಗೆ ಇದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ.

"ನಿಮ್ಮ ಬೆರಳೇ ಒತ್ತಿರೋದು ಅಂತ ತೋರಿಸ್ತಿದೆ ಅಮ್ಮಾ, ನೀವೇ ಎಲ್ಲೋ ಒತ್ತಿರ್ತೀರ" ಅಂದರು ಕೌಂಟರಿನಲ್ಲಿ. ದೊಡ್ಡಮ್ಮ ಸ್ವಲ್ಪ ಹೊತ್ತು ತಮ್ಮ ಹೆಬ್ಬೆಟ್ಟನ್ನೇ ನೋಡಿದರು. "ಹಂಗಾದ್ರೆ ಈ ಬೆರಳನ್ನ ಏನ್ ಮಾಡ್ಲಿ ಸ್ವಾಮಿ?" ಅಂದರು.

ಅವರ ಬೆರಳು ಎಲ್ಲಿಂದ ಸೋರಿತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಐದು ತಿಂಗಳ ಮೇಲೆ ಅರ್ಧ ದುಡ್ಡು ವಾಪಸ್ ಬಂತು. ಆದರೆ ಇಂಥ ದೂರು ರಾಜ್ಯದಲ್ಲಿ ಬೇರೆ ಕಡೆಯೂ ಇದ್ದವು. 2023ರಲ್ಲಿ ಮಂಗಳೂರಿನಲ್ಲೂ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹೀಗೆ ದುಡ್ಡು ಹೋಗಿತ್ತು. ಆಮೇಲೆ ಆಸ್ತಿ ನೋಂದಣಿಯ ಸರ್ಕಾರಿ ವೆಬ್‌ಸೈಟು ಕಾವೇರಿ ಪೋರ್ಟಲ್ಲಿನ ದಾಖಲೆಗಳಲ್ಲಿ ಬೆರಳಚ್ಚು ಮತ್ತು ಆಧಾರ್ ನಂಬರ್ ಕಾಣದ ಹಾಗೆ ಮುಚ್ಚುವ ಕೆಲಸ ಶುರುವಾಯಿತು. ಒಳ್ಳೆಯದೇ. ಆದರೆ ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅದಕ್ಕೆ ಮುಂಚೆ ಹೊರಗೆ ಹೋದ ಬೆರಳುಗಳನ್ನು ಯಾರು ವಾಪಸ್ ತರುತ್ತಾರೆ?

ನಾನು ಸುಮ್ಮನೆ ಕೂರಲಿಲ್ಲ. ದೊಡ್ಡಮ್ಮನ ಬಯೊಮೆಟ್ರಿಕ್ ಲಾಕ್ ಮಾಡಿದೆ, ಆಧಾರ್ ಆ್ಯಪಿನಲ್ಲಿ ಅದಕ್ಕೆ ಅವಕಾಶ ಇದೆ. ಮುಂದಿನ ತಿಂಗಳು ಅವರು ರೇಷನ್ನಿಗೆ ಹೋದರು. ಬೆರಳು ಒತ್ತಿದರೆ ಮಷಿನ್ ಒಪ್ಪಲಿಲ್ಲ. ಒಪ್ಪುವುದು ಹೇಗೆ, ಬೀಗ ಹಾಕಿದ್ದು ನಾನೇ ಅಲ್ವಾ. ಅಲ್ಲಿಂದ ಫೋನ್ ಬಂತು, ಅನ್‌ಲಾಕ್ ಮಾಡಿದೆ. ಅಕ್ಕಿ ಸಿಕ್ಕಿದ ಮೇಲೆ ಮತ್ತೆ ಲಾಕ್. ಈಗ ಇದೇ ನಮ್ಮ ತಿಂಗಳ ವ್ರತ. ಬೀಗ ಹಾಕಿದರೆ ಅಕ್ಕಿ ಇಲ್ಲ, ತೆಗೆದರೆ ದುಡ್ಡು ಉಳಿಯುವ ಭರವಸೆ ಇಲ್ಲ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ, ಜೆರಾಕ್ಸ್ ಅಂಗಡಿಯ ನೆಂಟ ಇಲ್ಲದ ಮುದುಕಿ ಏನು ಮಾಡಬೇಕು?

ಒಂದು ಕಾಲದಲ್ಲಿ "ಅವನು ಹೆಬ್ಬೆಟ್ಟು" ಅಂದರೆ ಓದು ಬರಹ ಬಾರದವನು ಅಂತ ಹೀಯಾಳಿಸುವ ಮಾತಾಗಿತ್ತು. ಸಹಿ ಕಲಿಯುವುದಕ್ಕೆ ನಮ್ಮಪ್ಪ ಸ್ಲೇಟು ಹಿಡಿದು ತಿಂಗಳುಗಟ್ಟಲೆ ಕೂತಿದ್ದರಂತೆ. ಈಗ ಇಂಜಿನಿಯರೂ ಹೆಬ್ಬೆಟ್ಟು, ಡಾಕ್ಟರೂ ಹೆಬ್ಬೆಟ್ಟು. ಸಹಿ ಕಳುವಾದರೆ ಬೇರೆ ಸಹಿ ಹಾಕಬಹುದಿತ್ತು.

ಆಧಾರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವ ಕಾಗದವೂ ಇಲ್ಲದೆ ಊರು ಬಿಟ್ಟು ಬಂದ ಗಾರೆ ಕೆಲಸದವರಿಗೆ ಅದು ಮೊದಲ ಗುರುತು. ಅದನ್ನು ಲ್ಯಾಮಿನೇಟ್ ಮಾಡಿಸಿ ಮಡಿಬಟ್ಟೆಯ ಹಾಗೆ ಜೋಪಾನ ಮಾಡುವುದನ್ನು ಕಂಡಿದ್ದೇನೆ. ಮೇಲಾಗಿ ಇದು ನಮ್ಮ ಊರಿನದೇ ಕೂಸು. 2009ರಲ್ಲಿ ಅದನ್ನು ಕಟ್ಟುವುದಕ್ಕೆ ಹೋದವರು ನಮ್ಮ ನಂದನ್ ನಿಲೇಕಣಿ. 2014ರಲ್ಲಿ ಅವರು ಇದೇ ಬೆಂಗಳೂರು ದಕ್ಷಿಣದಿಂದ ನಿಂತು ಸೋತರು. ಆ ಚುನಾವಣೆಯ ಮುಂಚೆ ಆಧಾರನ್ನು ಬೈಯುತ್ತಿದ್ದ ಪಕ್ಷವೇ ಗೆದ್ದು 2016ರಲ್ಲಿ ಅದಕ್ಕೆ ಕಾನೂನು ಮಾಡಿತು. ರಾಜಕೀಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಬಿಡಿ.

ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಿದವರೂ ನಮ್ಮ ಊರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಜನ ವಾಕಿಂಗ್ ಹೋಗುವುದಕ್ಕೂ ಯೋಚನೆ ಮಾಡುತ್ತಾರೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, 98 ವರ್ಷಕ್ಕೆ. ಅವರ ಹೆಸರು ಕೇಳಿದ ಗಿರಾಕಿ ನನ್ನ ಅಂಗಡಿಗೆ ಇದುವರೆಗೆ ಒಬ್ಬರೂ ಬಂದಿಲ್ಲ.

2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಆಧಾರ್ ಕಡ್ಡಾಯ ಮಾಡುವ ಹಾಗಿಲ್ಲ ಅಂತ ಆಯಿತು. ಸಬ್ಸಿಡಿಗೆ ಮತ್ತು ಪ್ಯಾನ್ ಕಾರ್ಡಿಗೆ ಮಾತ್ರ ಉಳಿಯಿತು. ಆ ತೀರ್ಪು 1,448 ಪುಟ. (ಎರಡೂ ಬದಿ ಜೆರಾಕ್ಸ್ ಮಾಡಿದರೂ 724 ಹಾಳೆ. ಇದು ವೃತ್ತಿಯ ಚಾಳಿ, ಕ್ಷಮಿಸಿ.) ಇಷ್ಟಾದರೂ ನನ್ನ ಅಂಗಡಿಗೆ ಬರುವವರನ್ನು "ಯಾತಕ್ಕೆ ಆಧಾರ್ ಕೇಳಿದ್ರು?" ಅಂದರೆ ಒಂದೇ ಉತ್ತರ. "ಕಂಪಲ್ಸರಿ ಅಂದ್ರು ಸಾರ್." ಜಿಮ್ಮಿನವರು ಅಂದರು, ಪೀಜಿಯವರು ಅಂದರು, ಮದುವೆ ಛತ್ರದವರೂ ಅಂದರು.

ಹೊಸ ಕಾನೂನು ಬಂದಿದೆ ಅಲ್ವಾ ಅಂತ ನೀವು ಹೇಳಬಹುದು. 2023ರ ಡಿಜಿಟಲ್ ಮಾಹಿತಿ ರಕ್ಷಣೆ ಕಾನೂನನ್ನು ಒಬ್ಬ ವಕೀಲರು, ನನ್ನ ಗಿರಾಕಿ, ಕೂರಿಸಿಕೊಂಡು ವಿವರಿಸಿದರು. ನನಗೆ ಅರ್ಥವಾದ ಮೂರು ಮಾತು ಇಷ್ಟು. ಅದು ಡಿಜಿಟಲ್ ಮಾಹಿತಿಗೆ ಮಾತ್ರ, ಕಾಗದದ ಜೆರಾಕ್ಸು ಅದರ ಲೆಕ್ಕಕ್ಕೇ ಬರುವುದಿಲ್ಲ. ಸರ್ಕಾರ ತನಗೆ ಬೇಕಾದ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಬಹುದು. ಮಾಹಿತಿ ಸೋರಿದರೆ 250 ಕೋಟಿವರೆಗೆ ದಂಡ ಇದೆ, ಆದರೆ ಆ ದುಡ್ಡು ಸರ್ಕಾರದ ಖಜಾನೆಗೆ ಹೋಗುತ್ತೆ. ಮುಂಚೆ ಐಟಿ ಕಾಯ್ದೆಯಲ್ಲಿ ಕಳೆದುಕೊಂಡವರು ಪರಿಹಾರ ಕೇಳುವ ಒಂದು ಕಲಂ ಇತ್ತು, ಅದನ್ನೂ ತೆಗೆಯುವುದಕ್ಕೆ ಈ ಕಾನೂನೇ ಹೇಳುತ್ತೆ. ದೊಡ್ಡಮ್ಮನಿಗೆ ಏನು ಸಿಗುತ್ತೆ ಅಂತ ಕೇಳಿದೆ. ವಕೀಲರು ಟೀ ಕುಡಿದರು.

2022ರ ಮೇ 27, ಶುಕ್ರವಾರ. ಆಧಾರ್ ಪ್ರಾಧಿಕಾರದ ನಮ್ಮ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಓದಿ ಖುಷಿಯಾಯಿತು. ದೊಡ್ಡದಾಗಿ ಪ್ರಿಂಟ್ ತೆಗೆದು ಅಂಗಡಿಯ ಗಾಜಿನ ಮೇಲೆ ಗೋಂದು ಹಾಕಿ ಅಂಟಿಸಿದೆ. ಭಾನುವಾರ ಅದನ್ನು ವಾಪಸ್ ತಗೊಂಡರು. ಜನ ತಪ್ಪು ತಿಳಿಯಬಹುದಂತೆ, ಎಂದಿನ ಎಚ್ಚರಿಕೆ ಇದ್ದರೆ ಸಾಕಂತೆ. ಸೋಮವಾರ ಕೆರೆದು ಕಿತ್ತೆ. ಗೋಂದಿನ ಕಲೆ ಗಾಜಿನ ಮೇಲೆ ಇನ್ನೂ ಇದೆ. ಆಮೇಲೂ ನಾನು ಕೇಳಿದವರಿಗೆ ಮಾಸ್ಕ್ಡ್ ಆಧಾರನ್ನೇ ತೆಗೆದು ಕೊಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಅವರೇ ವಾಪಸ್ ಬರುತ್ತಿದ್ದರು. "ಫುಲ್ ನಂಬರ್ ಇಲ್ಲದೇ ಇದ್ರೆ ತಗೊಳಲ್ಲ ಅಂದ್ರು." ಯಾರು ಅಂದರು? ಬಹಳ ಸಲ ಸರ್ಕಾರಿ ಕೌಂಟರಿನವರೇ.

2025ರ ಏಪ್ರಿಲ್‌ನಲ್ಲಿ ಕೇಂದ್ರ ಮಂತ್ರಿಗಳು ಹೊಸ ಆ್ಯಪ್ ತೋರಿಸಿ, ಇನ್ನು ಜೆರಾಕ್ಸ್ ಕೊಡುವ ಅಗತ್ಯ ಇಲ್ಲ ಅಂದರು. ನನ್ನ ಹೆಂಡತಿಗೆ ಗಾಬರಿಯಾಗಿತ್ತು. ಗಾಬರಿ ಆಗುವಂಥದ್ದು ಏನೂ ಆಗಲಿಲ್ಲ, ಮಷಿನ್ ಓಡುತ್ತಲೇ ಇದೆ. ಆ್ಯಪ್ ಎಷ್ಟು ಚೆನ್ನಾಗಿದ್ದರೂ, ಕಾಗದ ಕೇಳುವವರನ್ನು ಯಾಕೆ ಕೇಳಿದೆ ಅಂತ ಯಾರೂ ಕೇಳದಿದ್ದರೆ ಕಾಗದ ನಿಲ್ಲುವುದಿಲ್ಲ.

ನಿಮ್ಮಿಂದ ನನಗೆ ಬೇಕಾಗಿರುವುದು ಲೋಕಸಭೆಯಲ್ಲಿ ಒಂದು ಪ್ರಶ್ನೆ. ಯಾವ ಯಾವ ಸರ್ಕಾರಿ ಕಚೇರಿ ಪೂರ್ತಿ ನಂಬರ್ ಇರುವ ಆಧಾರ್ ಜೆರಾಕ್ಸ್ ತಗೊಳ್ಳುತ್ತೆ? ಯಾವ ಕಾನೂನಿನ ಕೆಳಗೆ? ತಗೊಂಡ ಕಾಗದವನ್ನು ಎಷ್ಟು ದಿನ ಇಟ್ಟುಕೊಂಡು, ಆಮೇಲೆ ಏನು ಮಾಡುತ್ತೆ? ಖಾಸಗಿಯವರ ಮಾತು ಆಮೇಲೆ. ಸರ್ಕಾರದ ಕೌಂಟರ್ ನಿಲ್ಲಿಸಿದರೆ ಜಿಮ್ಮಿನವನು ತಾನಾಗಿ ನಿಲ್ಲಿಸುತ್ತಾನೆ.

ಅದರ ಜೊತೆಗೆ ದೊಡ್ಡಮ್ಮನ ಬೀಗದ ವಿಷಯ. ನಾನು ಆ್ಯಪಿನಲ್ಲಿ ಹಾಕುವುದು ಒಂದೇ ಬೀಗ, ಅಕ್ಕಿಗೂ ಅದೇ, ಬ್ಯಾಂಕಿಗೂ ಅದೇ. ರೇಷನ್ ಅಂಗಡಿಗೆ ಬೆರಳು ತೆರೆದಿಟ್ಟು ಬ್ಯಾಂಕಿಗೆ ಮಾತ್ರ ಮುಚ್ಚುವ ಹಾಗೆ ಎರಡು ಬೀಗ ಕೊಡಿಸಿ. ಬೆರಳಿನಿಂದ ದುಡ್ಡು ತೆಗೆಯುವ ಸೌಲಭ್ಯ ಖಾತೆದಾರ ಕೇಳಿದರೆ ಮಾತ್ರ ಶುರುವಾಗಲಿ. 130 ಕೋಟಿಗೂ ಜಾಸ್ತಿ ಜನರಿಗೆ ನಂಬರ್ ಕೊಟ್ಟು, ಬೆರಳು, ಕಣ್ಣು ಗುರುತು ಹಿಡಿಯುವ ವ್ಯವಸ್ಥೆ ಕಟ್ಟಿದವರಿಗೆ ಇನ್ನೊಂದು ಬೀಗ ಮಾಡುವುದು ಕಷ್ಟದ ಕೆಲಸ ಇರಲಾರದು.

ಮಂತ್ರಿಗಳ ಉತ್ತರ ಬಂದರೆ ಒಂದು ಪ್ರತಿ ಕಳಿಸಿಕೊಡಿ, ವಾಟ್ಸಾಪ್ ಮಾಡಿದರೂ ಆದೀತು. ಗಾಜಿನ ಮೇಲೆ ಆ ಗೋಂದಿನ ಕಲೆ ಇರುವ ಜಾಗದಲ್ಲೇ ಅಂಟಿಸುತ್ತೇನೆ. ಎಷ್ಟು ಜನ ಕೇಳಿದರೂ ಅದನ್ನು ದುಡ್ಡು ತಗೊಳ್ಳದೆ ಜೆರಾಕ್ಸ್ ಮಾಡಿ ಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ