ಚಾಕ್ ತೆಗೆದ ಮೇಲಷ್ಟೇ ಓಡುವ ಮೀಟರ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಉದ್ಯೋಗ ಪುರವಣಿಯಲ್ಲಿ ವಿಮಾನ ಕಂಪನಿಗಳ ಸಂಬಳದ ಪಟ್ಟಿ ಬಂದಿತ್ತು. ಪೈಲಟ್‌ಗೆ ಇಷ್ಟು, ಗಗನಸಖಿಗೆ ಇಷ್ಟು, ಚೆಕ್‌ಇನ್ ಕೌಂಟರಿನವರಿಗೆ ಇಷ್ಟು ಎಂದು ಬರೆದು, ಪಕ್ಕದಲ್ಲಿ ‘ಉಚಿತ ವಿಮಾನ ಪ್ರಯಾಣ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಿರಿ. ಅದೇ ಪುಟದ ಕೆಳಗೆ ಏರ್‌ಹೋಸ್ಟೆಸ್ ತರಬೇತಿ ಸಂಸ್ಥೆಯೊಂದರ ಜಾಹೀರಾತು. ಸೋಮವಾರ ಬೆಳಿಗ್ಗೆ ನನ್ನ ನಾದಿನಿಯ ಗಂಡ (ನಾನು ಅಣ್ಣ ಎನ್ನುತ್ತೇನೆ) ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡು ತಿಪಟೂರಿನಿಂದ ನಮ್ಮ ಮನೆಗೆ ಬಂದಿಳಿದರು. ಮಗಳನ್ನು ಅಲ್ಲಿಗೆ ಸೇರಿಸಬೇಕಂತೆ, ಒಂದೂವರೆ ಲಕ್ಷ ಫೀಸಂತೆ. ‘ಕೊಬ್ಬರಿ ದುಡ್ಡು ಬಂದಿದೆ, ಕಟ್ಟಿಬಿಡ್ಲಾ ಹೇಳಮ್ಮ, ನೀನು ಅಲ್ಲೇ ಇರೋಳು’ ಎಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ನಾನು ವಿಮಾನ ನಿಲ್ದಾಣದ ಗ್ರೌಂಡ್ ಸ್ಟಾಫ್. ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿ, 2008ರ ಮೇ ತಿಂಗಳಲ್ಲಿ ಎಲ್ಲರೂ ದೇವನಹಳ್ಳಿಗೆ ಗಂಟುಮೂಟೆ ಕಟ್ಟಿದಾಗ ಜೊತೆಗೆ ಬಂದವಳು. ಮೊದಲು ಒಂದು ವಿಮಾನ ಕಂಪನಿಯಲ್ಲಿದ್ದೆ, ಅದು ಈಗಿಲ್ಲ. ಆಮೇಲೆ ಏಜೆನ್ಸಿಯ ಮೂಲಕ ದುಡಿದೆ. ಈಗ ಮತ್ತೆ ಒಂದು ಕಂಪನಿಯ ಸ್ವಂತ ನೌಕರರ ರೋಲ್‌ನಲ್ಲಿದ್ದೇನೆ. ಅದೇ ಕೌಂಟರ್, ಅದೇ ತೂಕದ ಬೆಲ್ಟು, ಅದೇ ‘ಬ್ಯಾಗಲ್ಲಿ ಪವರ್ ಬ್ಯಾಂಕ್ ಇದೆಯಾ ಸರ್’. ಸಂಬಳದ ಚೀಟಿ ಮಾತ್ರ ಮೂರು ಥರ. ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ. ಅಣ್ಣನ ಮುಂದೆ ಆ ಫೈಲು ಬಿಚ್ಚಿ ಹೇಳಿದೆ: ‘ತಿಂಗಳಿಗೆ ಎಷ್ಟು ಅಂತ ಕೇಳಬೇಡಿ. ವಿಮಾನ ಹಾರದೆ ನಿಂತ ತಿಂಗಳು ಎಷ್ಟು ಅಂತ ಕೇಳಿ.’

ಗಗನಸಖಿಯ ಸಂಬಳವನ್ನೇ ತೆಗೆದುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಒಂದೇ ಮೊತ್ತ ಇದೆ, ನಿಜದಲ್ಲಿ ಅದು ಎರಡು ತುಂಡು. ಒಂದು ಖಾಯಂ ಸಂಬಳ. ಇನ್ನೊಂದು ಹಾರಾಟದ ಭತ್ಯೆ, ಗಂಟೆಗೆ ಇಷ್ಟು ಎಂದು. ಆ ಗಂಟೆಯನ್ನು ಎಣಿಸುವುದು ಹುಡುಗಿ ಮನೆ ಬಿಟ್ಟಾಗಿನಿಂದ ಅಲ್ಲ, ನಿಲ್ದಾಣಕ್ಕೆ ಬಂದು ಸಹಿ ಹಾಕಿದಾಗಿನಿಂದಲೂ ಅಲ್ಲ. ವಿಮಾನ ನಿಂತಲ್ಲಿಂದ ಕದಲಿದ ಮೇಲೆ. ನಮ್ಮಲ್ಲಿ ಅದಕ್ಕೆ ಚಾಕ್ಸ್ ಆಫ್, ಚಾಕ್ಸ್ ಆನ್ ಅನ್ನುತ್ತಾರೆ. ಚಾಕ್ ಅಂದರೆ ಲಾರಿ ಇಳಿಜಾರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಅದೇ. ರಬ್ಬರಿನದೋ ಮರದ್ದೋ ಇರುತ್ತದೆ, ಹಗ್ಗ ಕಟ್ಟಿರುತ್ತದೆ. ಅದನ್ನು ಎಳೆದ ಮೇಲೆ ಮೀಟರ್ ಶುರು, ಇಳಿದ ಊರಲ್ಲಿ ಮತ್ತೆ ಚಕ್ರಕ್ಕೆ ಕೊಟ್ಟರೆ ಮೀಟರ್ ಬಂದ್. ಬಾಗಿಲಲ್ಲಿ ನಿಂತು ನೂರಾ ಎಂಬತ್ತು ಜನಕ್ಕೆ ನಮಸ್ಕಾರ ಹೇಳಿದ್ದು, ಅಜ್ಜಿಯ ಚೀಲ ಮೇಲೆತ್ತಿ ಇಟ್ಟಿದ್ದು, ಡಿಸೆಂಬರ್ ಬೆಳಗಿನ ದೇವನಹಳ್ಳಿ ಮಂಜಿನಲ್ಲಿ ಎರಡು ಗಂಟೆ ನಿಂತಲ್ಲೇ ನಿಂತಿದ್ದು, ಬಹಳ ಕಡೆ ಈ ಮೀಟರಿನ ಲೆಕ್ಕಕ್ಕೆ ಬರುವುದಿಲ್ಲ. ಆಟೋದವರಿಗಾದರೂ ವೇಟಿಂಗ್ ಚಾರ್ಜ್ ಇದೆ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಮುಷ್ಕರ ಹೂಡಿದಾಗ ಅವರ ದೊಡ್ಡ ದೂರೇ ಈ ನೆಲದ ಮೇಲಿನ ಪುಕ್ಕಟೆ ದುಡಿಮೆ. ಕೆಲಸಕ್ಕೆ ಮರಳಿ ಎಂದು ಸರ್ಕಾರ ಕೈ ಹಾಕಿದರೂ ಅವರು ಜಗ್ಗಲಿಲ್ಲ. ಕೊನೆಗೆ ನೆಲದ ಹೊತ್ತಿಗೂ ದುಡ್ಡು ಎಂಬ ಒಪ್ಪಂದ ಆದ ಮೇಲೇ ವಿಮಾನ ಹಾರಿದ್ದು. ಅಮೆರಿಕದ ಡೆಲ್ಟಾ 2022ರಲ್ಲೇ ಪ್ರಯಾಣಿಕರು ಹತ್ತುವ ಹೊತ್ತಿಗೆ ಅರ್ಧ ದರ ಕೊಡಲು ಶುರು ಮಾಡಿತು. ಅರ್ಧವೇ! ಆದರೂ ಅದು ದೊಡ್ಡ ಸುದ್ದಿಯಾಯಿತು.

ನಮ್ಮಲ್ಲಿ ಕ್ಯಾಬಿನ್ ಸಿಬ್ಬಂದಿ ವರ್ಷಕ್ಕೆ ಹಾರಬಹುದಾದ ಮಿತಿ 1,000 ಗಂಟೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 83. ಜಾಹೀರಾತಿನಲ್ಲಿ ‘ಇಷ್ಟರವರೆಗೆ ಗಳಿಸಿ’ ಎಂದು ಬರೆದಾಗ ಎಷ್ಟು ಗಂಟೆಗೆ ಗುಣಿಸಿದ್ದಾರೆ ಎಂದು ಕೇಳಬೇಕು. ಎಪ್ಪತ್ತೈದು ಎಂಬತ್ತು ಎಂದರೆ ಕಾನೂನಿನ ಗೋಡೆಗೆ ಬೆನ್ನು ಕೊಟ್ಟು ದುಡಿದರೆ ಸಿಗುವ ದುಡ್ಡು ಅದು. ಜ್ವರ ಬಂತು, ಕಿವಿ ಕಟ್ಟಿತು (ನೆಗಡಿಯಲ್ಲಿ ಹಾರಿ ಕಿವಿ ಕೆಡಿಸಿಕೊಂಡವರನ್ನು ನಾನೇ ನೋಡಿದ್ದೇನೆ), ವಿಮಾನ ರಿಪೇರಿಗೆ ನಿಂತಿತು ಅನ್ನಿ, ಆ ಭಾಗ ಕರಗಿತು. ಹಾರಿಸಲಿ ಬಿಡಲಿ ತಿಂಗಳಿಗೆ ಕನಿಷ್ಠ ಇಷ್ಟು ಗಂಟೆಯ ದುಡ್ಡು ಕೊಟ್ಟೇ ಕೊಡುತ್ತೇವೆ ಎಂಬ ಕರಾರು ಇದೆಯೇ? ನನ್ನ ಪ್ರಕಾರ ಸಂಬಳದ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ಆ ಸಾಲು.

ಬಸುರಿಯಾದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗರ್ಭ ನಿಂತಿತೆಂದರೆ ಹಾರುವಂತಿಲ್ಲ. ಕೆಲವು ಕಡೆ ನೆಲದ ಮೇಲೆ ಬೇರೆ ಕೆಲಸ ಕೊಡುತ್ತಾರೆ, ಆದರೆ ಹಾರಾಟದ ಭತ್ಯೆ ಎಲ್ಲಿಂದ ಬರಬೇಕು? ಹೆರಿಗೆ ರಜೆ 26 ವಾರ ಉಂಟು, ಸರಿ. ಅದರ ಸಂಬಳ ಲೆಕ್ಕ ಹಾಕುವುದು ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿಯ ಮೇಲೆ. ಆ ಮೂರು ತಿಂಗಳೂ ನೆಲದ ಮೇಲೇ ಇದ್ದವಳ ಸರಾಸರಿ ಎಷ್ಟಿದ್ದೀತು, ನೀವೇ ಹೇಳಿ.

ಇನ್ನು ಆ ಚಾಕ್ ಎಳೆಯುವವನ ಸಂಬಳ. ಅವನು ನನ್ನ ತಮ್ಮ. ಸಾಮಾನು ತುಂಬುವ, ಇಳಿಸುವ ಏಜೆನ್ಸಿಯಲ್ಲಿದ್ದಾನೆ. ಮೇಲಿನವರ ಮೀಟರ್ ಶುರು ಮಾಡುವವನು ಇವನೇ, ಇವನಿಗೆ ಮೀಟರೂ ಇಲ್ಲ, ಮಣ್ಣೂ ಇಲ್ಲ. ಒಟ್ಟು 20,400. ಇಎಸ್‌ಐಗೆ 153 ರೂಪಾಯಿ ಕತ್ತರಿಸುತ್ತಾರೆ, ಅದು ಸರ್ಕಾರದ ಆರೋಗ್ಯ ವಿಮೆ. ಇಷ್ಟು ಕೇಳಿ ಅಯ್ಯೋ ಪಾಪ ಎನ್ನುವ ಮುಂಚೆ ಇದನ್ನೂ ಕೇಳಿ: ಅವನ ಹೆಂಡತಿಯ ಹೆರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಆಯಿತು, ನಮ್ಮ ಅಮ್ಮನ ಕಣ್ಣಿನ ಪೊರೆಯನ್ನೂ ಅವನ ಕಾರ್ಡಿನಲ್ಲೇ ತೆಗೆಸಿದೆವು. ಕಂಪನಿಯ ರೋಲ್‌ನಲ್ಲಿರುವ ನನಗೆ ಗುಂಪು ವಿಮೆ ಇದೆ, ಅದರಲ್ಲಿ ಗಂಡ, ಮಕ್ಕಳು ಮಾತ್ರ. ಅಮ್ಮನನ್ನು ಸೇರಿಸಬೇಕಾದರೆ ಕಂತು ನನ್ನ ಕೈಯಿಂದ. ಆ ಮೊತ್ತ ನೋಡಿ ಸುಮ್ಮನಾದೆ. ಇಎಸ್‌ಐಗೆ 2017ರಿಂದ ಇರುವ ಸಂಬಳದ ಮಿತಿ 21,000. ಮುಂದಿನ ಇನ್‌ಕ್ರಿಮೆಂಟ್ 700 ಬಂದರೆ ತಮ್ಮ ಅದನ್ನು ದಾಟುತ್ತಾನೆ, ಕಾರ್ಡು ಕೈತಪ್ಪುತ್ತದೆ. ‘ಅಕ್ಕ, ಇನ್‌ಕ್ರಿಮೆಂಟ್ ಬೇಡ ಅಂತ ಬರ್ದುಕೊಡಬಹುದಾ?’ ಎಂದು ಕೇಳಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಮ್ಮ ಪಟ್ಟಿಯಲ್ಲಂತೂ ಅವನ ಥರದ ಕೆಲಸವೇ ಇಲ್ಲ.

ಏಜೆನ್ಸಿಯ ವಿಷಯಕ್ಕೆ ಬಂದರೆ ನನ್ನದೇ ಒಂದು ನೋವು ಹೇಳಲೇಬೇಕು. ನಾನಿದ್ದ ಏಜೆನ್ಸಿಯ ಕಾಂಟ್ರಾಕ್ಟು ಮುಗಿದು ಬೇರೆಯವರಿಗೆ ಹೋಯಿತು. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಕ್ಯಾಂಟೀನ್ ಹಿಂದಿನ ಕೋಣೆಗೆ ಕರೆದರು. ಅಚ್ಚು ಹಾಕಿಸಿದ ರಾಜೀನಾಮೆ ಪತ್ರ, ಹೆಸರು ತುಂಬುವ ಜಾಗ ಖಾಲಿ. ಸಹಿ ಹಾಕಿ ನೀಲಿ ಶರ್ಟ್ ಕೊಟ್ಟೆವು, ಬೂದು ಶರ್ಟ್ ತೆಗೆದುಕೊಂಡೆವು. ಮರುದಿನ ಅದೇ ಕೌಂಟರ್. ಆದರೆ ಸೇರಿದ ದಿನಾಂಕ ಹೊಸದು. ಆಗ ನನಗೆ ನಾಲ್ಕು ವರ್ಷ ಎರಡು ತಿಂಗಳು ಆಗಿತ್ತು, ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಗೆಂದು ಸಿಗುವ ಇಡುಗಂಟಿಗೆ, ಐದು ವರ್ಷ ಬೇಕಿತ್ತು. ಕೇಳಲು ಹೋದರೆ ಹಳಬರು ‘ನೀವೇ ರಾಜೀನಾಮೆ ಕೊಟ್ಟಿದ್ದೀರಲ್ಲ’ ಎಂದರು, ಹೊಸಬರು ‘ನೀವು ನಿನ್ನೆ ಸೇರಿದವರು’ ಎಂದರು.

ಅದಕ್ಕೂ ಹಿಂದೆ, 2020ರ ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತಿದ್ದವು. ಮೊದಲ ತಿಂಗಳು ಅರ್ಧ ಸಂಬಳ ಹಾಕಿದರು. ಎರಡನೆಯ ತಿಂಗಳು ವಾಟ್ಸಾಪ್‌ನಲ್ಲಿ ಒಂದು ಸಾಲು: ಕೆಲಸ ಇಲ್ಲ, ಸಂಬಳ ಇಲ್ಲ. ನಿಲ್ದಾಣದ ಪಾಸು ಎರಡು ತಿಂಗಳು ಮೊಳೆಗೆ ನೇತಾಡುತ್ತಿತ್ತು. ಅದನ್ನು ನೋಡುತ್ತಾ ಕೂತಾಗಲೇ ‘ಹಾರದ ತಿಂಗಳು ಎಷ್ಟು’ ಎಂಬ ಪ್ರಶ್ನೆ ನನ್ನೊಳಗೆ ಹುಟ್ಟಿದ್ದು.

ಗ್ರಾಚ್ಯುಟಿ ಲೆಕ್ಕ ಪುಟ್ಟದು, ಒಮ್ಮೆ ಮಾಡಿ ತೋರಿಸುತ್ತೇನೆ. ಇಬ್ಬರಿಗೆ 28,000 ಸಂಬಳ ಅಂದುಕೊಳ್ಳಿ. ಒಬ್ಬಳ ಬೇಸಿಕ್ (ಮೂಲ ವೇತನ) 14,000, ಇನ್ನೊಬ್ಬಳದು 7,000, ಉಳಿದದ್ದೆಲ್ಲ ಭತ್ಯೆ. ಹಳೆಯ ಕಾನೂನಿನಲ್ಲಿ ಆರು ವರ್ಷದ ಮೇಲೆ ಬಿಟ್ಟರೆ ಮೊದಲನೆಯವಳಿಗೆ 48,461, ಎರಡನೆಯವಳಿಗೆ 24,230 ಸಿಗುತ್ತಿತ್ತು. ಪಿಎಫ್ ಕೂಡ ಹಾಗೆಯೇ ಬೇಸಿಕ್ ಬೆನ್ನಿಗೆ ಬರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಭತ್ಯೆಗಳು ಒಟ್ಟಿನ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು ಎಂದಿದೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದೂ ಇದೆ. ಆದರೆ ತಮ್ಮನ ನೇಮಕ ಪತ್ರದಲ್ಲಿ ‘ನಿಗದಿತ ಅವಧಿ’ ಎಂಬ ಪದವೇ ಇಲ್ಲ. ಅವನು ಕಾಂಟ್ರಾಕ್ಟರ್ ಆಳು. ಪದ ಬೇರೆಯಾದರೆ ಹಕ್ಕೂ ಬೇರೆ.

ಈ ಒಣ ಲೆಕ್ಕ ಯಾಕೆ ಅಂದರೆ, ಕಂಪನಿ ಮುಳುಗಿದಾಗ ತೇಲುವುದು ಇದೇ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. (ನಾನಿದ್ದದ್ದು ಅದರಲ್ಲಲ್ಲ.) ಕೊಳ್ಳಲು ಬಂದವರು ನೌಕರರ ಪಿಎಫ್, ಗ್ರಾಚ್ಯುಟಿ ಬಾಕಿ ಕೊಡಲೇಬೇಕು ಎಂಬ ಆದೇಶವನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಎತ್ತಿಹಿಡಿಯಿತು. ಮಾರಾಟವೇ ಮುರಿದುಬಿದ್ದು 2024ರ ನವೆಂಬರ್‌ನಲ್ಲಿ ಆಸ್ತಿ ಮಾರಿ ಮುಚ್ಚಿ ಎಂದಿತು. ಇಷ್ಟಾದರೂ ಹೋರಾಡಲು ಒಂದು ಹಿಡಿ ಇತ್ತಲ್ಲ. ಇನ್ಸೆಂಟಿವ್, ಲೇಓವರ್ ಭತ್ಯೆ (ಬೇರೆ ಊರಲ್ಲಿ ತಂಗಿದ್ದಕ್ಕೆ ಕೊಡುವುದು), ಪುಕ್ಕಟೆ ಟಿಕೆಟ್‌ಗಳಿಗೆ ಯಾವ ಕೋರ್ಟಿಗೆ ಹೋಗುವುದು?

ಆ ಪುಕ್ಕಟೆ ಟಿಕೆಟ್! ಅದನ್ನು ನೀವು ದಪ್ಪಕ್ಷರದಲ್ಲಿ ಹಾಕಿದ್ದಕ್ಕೆ ನಮ್ಮ ಅತ್ತೆಯವರ ಪರವಾಗಿ ಉತ್ತರ. ಅದರ ಹೆಸರು ಸಬ್ಜೆಕ್ಟ್ ಟು ಲೋಡ್. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ನೀವು. ಅತ್ತೆಗೆ ಕಾಶಿ ನೋಡುವ ಆಸೆ ಇತ್ತು. ಹೋಗುವಾಗ ಸೀಟು ಸಿಕ್ಕಿತು, ನಾನು ಏರೋಪ್ಲೇನ್ ಸೊಸೆ ಎಂದು ಬೀಗಿದೆ. ಬರುವಾಗ ವಾರಾಣಸಿ ನಿಲ್ದಾಣದಲ್ಲಿ ಎರಡು ದಿನ ಕೂತೆವು. ಪ್ರತಿ ವಿಮಾನಕ್ಕೂ ಕೌಂಟರ್ ಪಕ್ಕ ನಿಲ್ಲುವುದು, ಅಲ್ಲಿನ ಹುಡುಗ ‘ಫುಲ್ ಮೇಡಂ’ ಎಂದು ಕತ್ತು ಆಡಿಸುವುದು. ನಾನು ಎಷ್ಟು ಜನರಿಗೆ ಹಾಗೆ ಕತ್ತು ಆಡಿಸಿದ್ದೆನೋ! ನನ್ನ ರಜೆ ಮುಗಿಯುತ್ತಿತ್ತು, ದುಡ್ಡು ಕೊಟ್ಟು ಕೊಳ್ಳೋಣವೆಂದರೆ ಆ ದಿನದ ದರ ನನ್ನ ಅರ್ಧ ತಿಂಗಳ ಸಂಬಳ. ಕೊನೆಗೆ ಮೊಘಲ್‌ಸರಾಯ್‌ಗೆ ಹೋಗಿ ತತ್ಕಾಲ್‌ನಲ್ಲಿ ಸಂಘಮಿತ್ರ ಹತ್ತಿದೆವು. ಎರಡು ರಾತ್ರಿ. ಗಂಗೆಯ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡ ಅತ್ತೆ ನಾಗಪುರ ದಾಟಿದ ಮೇಲೆ ಮೊದಲ ಸಲ ಬಾಯಿಬಿಟ್ಟರು: ‘ನಿನ್ನ ಪುಕ್ಕಟೆ ವಿಮಾನಕ್ಕಿಂತ ಕಾಸು ಕೊಟ್ಟ ರೈಲೇ ವಾಸಿ ಕಣೇ.’

ನನ್ನನ್ನು ಕೇಳಿದರೆ ದೊಡ್ಡ ಸೌಲಭ್ಯ ಎಂದರೆ ಕ್ಯಾಬು. ರಾತ್ರಿ ಎರಡೂಕಾಲಿಗೆ ಯಲಹಂಕದ ಮನೆ ಬಾಗಿಲಿಗೆ ಬಂದು, ಸಾದಹಳ್ಳಿ ಟೋಲ್ ದಾಟಿಸಿ ಬಿಡುತ್ತದೆ. ಏಜೆನ್ಸಿಯಲ್ಲಿದ್ದಾಗ ಅದು ಇರಲಿಲ್ಲ, ನನ್ನ ಗಂಡ ಬೈಕಿನಲ್ಲಿ ಬಿಟ್ಟು ಬಂದು ಮಲಗುತ್ತಿದ್ದರು. ಯಾವ ಪಟ್ಟಿಯಲ್ಲಾದರೂ ಕ್ಯಾಬಿಗೊಂದು ಕಾಲಂ ನೋಡಿದ್ದೀರಾ?

ಗಲ್ಫ್ ವಿಚಾರ ಅಣ್ಣನೇ ಎತ್ತಿದರು. ದುಬೈಯ ಕಂಪನಿಯೊಂದರಲ್ಲಿ ಹಾರುವ ಉಡುಪಿ ಕಡೆಯ ಗೆಳತಿ ಇದ್ದಾಳೆ. ಮನೆ ಬಾಡಿಗೆ ಕಂಪನಿಯದು, ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಅವಳು ಐದು ವರ್ಷದಲ್ಲಿ ಉಳಿಸಿದ್ದನ್ನು ನಾನು ಹದಿನೈದು ವರ್ಷದಲ್ಲೂ ಉಳಿಸಿಲ್ಲ. ಪಿಎಫ್ ಇಲ್ಲ, ಕೆಲಸ ಬಿಡುವಾಗ ಅಲ್ಲಿನ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನದಕ್ಕೆ 30 ದಿನದ್ದು ಸಿಗುತ್ತದೆ. ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಅಷ್ಟೇ. ಪೈಲಟ್‌ಗಳ ಬಗ್ಗೆ ನಾನು ಬರೆಯುವುದಿಲ್ಲ. ಅವರ ಸಂಬಳದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ.

ಅಣ್ಣನಿಗೆ ಕೊನೆಗೆ ಹೇಳಿದ್ದು: ಒಂದೂವರೆ ಲಕ್ಷ ಕಟ್ಟಬೇಡಿ. ಪಿಯುಸಿ ಆಗಿದೆ, ಎತ್ತರ ಇದೆ, ಇಂಗ್ಲಿಷ್ ಹಿಂದಿ ಬರುತ್ತದೆ. ವಿಮಾನ ಕಂಪನಿಯವರೇ ನಡೆಸುವ ವಾಕ್‌ಇನ್ ಸಂದರ್ಶನಕ್ಕೆ ನೇರ ಹೋಗಲಿ. ಆಯ್ಕೆಯಾದವರಿಗೆ ತರಬೇತಿ ಕೊಡುವುದು ಕಂಪನಿಯೇ. ಆ ತರಬೇತಿಯ ತಿಂಗಳುಗಳಲ್ಲಿ ಕೈಗೆ ಎಷ್ಟು, ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಕ್ಕಬೇಕು, ಇದನ್ನು ಕೇಳಲಿ. ಹುಡುಗಿ ಪಕ್ಕದಲ್ಲೇ ಕೂತಿದ್ದಳು. ‘ಅತ್ತೆ, ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಕೇಳಿದರೆ ಕೆಲಸ ಕೊಡ್ತಾರಾ?’ ಎಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫರ್ ಲೆಟರ್ ಬಂದ ದಿನ ಸಹಿ ಹಾಕುವ ಮುಂಚೆ ಫೋಟೋ ತೆಗೆದು ನನಗೆ ಕಳಿಸು ಪುಟ್ಟಿ ಎಂದೆ.

ಅವಳು ಕೇಳಲಾಗದ್ದನ್ನು ನೀವು ಕೇಳಬಹುದು. ಮುಂದಿನ ಸಲ ಪಟ್ಟಿ ಹಾಕುವಾಗ ಖಾಯಂ ಎಷ್ಟು, ಗಂಟೆ ಲೆಕ್ಕದ್ದು ಎಷ್ಟು, ಬೇಸಿಕ್ ಎಷ್ಟು, ನೇಮಕ ಪತ್ರದಲ್ಲಿ ಯಾರ ಹೆಸರು ಎಂದು ಕಂಪನಿಗಳನ್ನೇ ಕೇಳಿ ಹಾಕಿ. ಉತ್ತರ ಕೊಡದವರ ಮುಂದೆ ಜಾಗ ಖಾಲಿ ಬಿಡಿ. ತಮ್ಮನಂಥವರಿಗೂ ಒಂದು ಸಾಲು ಇರಲಿ.

ಇನ್ನೂ ಕೆಲಸದಲ್ಲಿರುವುದರಿಂದ ಹೆಸರು ಹಾಕಬೇಡಿ ಎಂದು ಕೋರುತ್ತೇನೆ. ಕ್ಯಾಬಿನವನು ಕೆಳಗೆ ಬಂದು ಫೋನ್ ಮಾಡುತ್ತಿದ್ದಾನೆ.

ಇಂತಿ,
ವಿಮಾನ ನಿಲ್ದಾಣದ ಒಬ್ಬ ಉದ್ಯೋಗಿ
ಯಲಹಂಕ ಉಪನಗರ, ಬೆಂಗಳೂರು