ಎಣ್ಣಿ ಹತ್ತಿದ ಕಾಗದ

ನವನಗರ, ಬಾಗಲಕೋಟೆ
ಸೋಮವಾರ ರಾತ್ರಿ

ಅವ್ವಿ,

ಪಂಚಮಿ ದಿನ ಎಲ್ಲಾರೂ ಊಟಕ್ಕ ಕೂತಾಗ ನಿನ್ನ ತಿನ್ನೂದು, ತೂಕದ ಬಗ್ಗೆ ನಾ ಏನಂದೆ ಅಂತ ಮತ್ತ ಬರಿಯೂದಿಲ್ಲ, ನಿನಗೂ ನೆನಪೈತಿ ನನಗೂ ಐತಿ. ಮಂದಿ ಮುಂದ ಅನಬಾರದಿತ್ತು. ನಿಮ್ಮವ್ವ ಅವತ್ತಿಂದ ನನ್ನ ಕೂಡ ನೆಟ್ಟಗ ಮಾತಾಡವಲ್ಲಳು, ಫೋನ್ ಹಚ್ಚಿದ್ರ ನೀ ಎತ್ತವಲ್ಲಿ, ಅದಕ್ಕ ಕೂತು ಟೈಪ್ ಮಾಡಾಕತ್ತೀನಿ, ತಪ್ಪಿದ್ದಲ್ಲಿ ಹೊಂದಿಸ್ಕೊಂಡು ಓದು.

ಒಂದು ಸುದ್ದಿ ಐತಿ, ಗಾಬರಿ ಆಗಬ್ಯಾಡ. ಬಿಪಿ ಗುಳಿಗಿ ಮುಗದಿದ್ವು ಅಂತ ಹೋದ್ರ ಡಾಕ್ಟರ್ ರಕ್ತ, ಮೂತ್ರ ಎರಡೂ ತಪಾಸಣಿ ಮಾಡಿಸಿದ್ರು. ಮೂತ್ರದಾಗ ಅಲ್ಬುಮಿನ್ ಅನ್ನೂ ಪ್ರೋಟೀನ್ ಹೊಂಟೈತಿ, ಕಿಡ್ನಿ ಸೋಸಿ ಹೊರಗ ಹಾಕಬೇಕಾದ ಕ್ರಿಯಾಟಿನಿನ್ ಅನ್ನೂ ಕಸ ರಕ್ತದಾಗ 1.6, ಅಂದ್ರ ಹೆಚ್ಚಾಗೈತಿ. ತೂಕ 98 ಕಿಲೋ. ನೋವಿಲ್ಲ ಗೀವಿಲ್ಲ, ಮೂತ್ರದಾಗ ನೊರಿ ಬರ್ತಿತ್ತು, ಸಂಜಿಕ ಕಾಲಿಗೆ ಬಾವು ಬಂದು ಚಪ್ಪಲಿ ಬಿಗಿ ಆಗ್ತಿತ್ತು, ನಿಂತು ನಿಂತು ಆಗಿದ್ದು ಅಂತ ಬಿಟ್ಟಿದ್ದೆ. ಬಿಪಿ, ಶುಗರ್ ಅಷ್ಟ ಅಲ್ರಿ, ಬೊಜ್ಜೂ ಕಿಡ್ನಿ ಕೆಡಸತೈತಿ ಅಂದ್ರು. ಗಿರಣ್ಯಾಂವಗ ಹೆಂಗ ತಿಳೀತದ ಹಂಗ ತಿಳ್ಕೊಂಡೆ: ಒಂದೊಂದು ಕಿಡ್ನ್ಯಾಗ ಸುಮಾರು 10 ಲಕ್ಷ ಸಣ್ಣ ಸಾಣಗಿ ಅದಾವ, ಹುಟ್ಟಿದ ಮ್ಯಾಲೆ ಹೊಸಾದು ಒಂದೂ ಬೆಳ್ಯೂದಿಲ್ಲ. ಮೈ ಬೆಳದಂಗ ಕೆಲಸ ಬೆಳೀತೈತಿ, ಸಾಣಗಿ ಇದ್ದಷ್ಟ. ಒತ್ತಡಕ್ಕ ಹಿಗ್ಗಿ ತೂತು ಸಡ್ಲಾಗಿ ಒಳಗ ಉಳಿಯೂ ಪ್ರೋಟೀನ್ ಹೊರಗ ಸೋರತೈತಿ, ಆಮ್ಯಾಲೆ ಒಂದೊಂದ ಗಡುಸಾಗಿ ಬಂದ್ ಬೀಳ್ತಾವ. ನೀ ಮೊದಲನೇ ಬೋನಸ್ಸಿನಾಗ ಕೊಡಿಸಿದ ಮೋಟರ್‌ಗೆ ನಾ ಎಂದೂ ಓವರ್‌ಲೋಡ್ ಬಿಟ್ಟಿಲ್ಲ, ಕಾಳು ಸುರುವುವಾಗ ಅದರ ಸಪ್ಪಳ ಕೇಳ್ಕೋತ ಕೈ ಹಿಡೀತೀನಿ, ಬಂದ ಗಿರಾಕಿಗೆಲ್ಲಾ ನಮ್ಮ ಹುಡುಗಿ ಕೊಡಿಸಿದ್ದು ಅಂತ ಹೇಳ್ತೀನಿ. ನನ್ನ ಮೈಗೆ ಆ ಕಾಳಜಿ ಮಾಡಲಿಲ್ಲ.

ನನಗ ನಿದ್ದಿ ಕೆಡಿಸಿದ್ದು ಆ ಕಾಗದ. ಹಳೇ ಮನಿ ಆಲಮಟ್ಟಿ ಹಿನ್ನೀರಿಗೆ ಹೋಗಿ ಇಲ್ಲಿಗೆ ಬಂದ ಹೊಸತು, ನೀ ಒಂದನೇತ್ತೆ. ಗಿರಣಿ ಬಂದ್ ಮಾಡಿ ಬರುವಾಗ ದಿನಾ ಗಿರಮಿಟ್, ನಾಕ ಮಿರ್ಚಿ ಭಜಿ ಕಟ್ಟಿಸ್ಕೊಂಡು ಬರ್ತಿದ್ದೆ. ಲೂನಾ ಸಪ್ಪಳ ಕೇಳಿದ್ರ ನೀ ಹೊಸ್ತಿಲದಾಗ. ತಿಂದು ಮುಗದ ಮ್ಯಾಲೆ ಎಣ್ಣಿ ಹತ್ತಿದ ಪೇಪರ್ ಬಲ್ಬಿಗೆ ಹಿಡದು "ಅಪ್ಪಾ, ಕಾಗದದಾಗಿಂದ ದೀಪ ಕಾಣತೈತಿ" ಅಂತಿದ್ದಿ. ನಾನೂ ನಗತಿದ್ದೆ. ನಾ ಸಣ್ಣಾಂವಿದ್ದಾಗ ಕಟಕ ರೊಟ್ಟಿ, ಕೆಂಪ ಖಾರ ಬಿಟ್ರ ಏನೂ ಕಂಡಿದ್ದಿಲ್ಲ, ಮಗಳಿಗೆ ದಿನಾ ಅಂಗಡಿ ತಿನಸು ತರ್ತೀನಿ ಅನ್ನೂದ ದೊಡ್ಡಸ್ತಿಕಿ ಆಗಿತ್ತು. ನಿಮ್ಮವ್ವ ಬ್ಯಾಡ ಅಂದ್ರ ಆಕಿಗೇ ಬೈತಿದ್ದೆ. ಬೆಂಗಳೂರಾಗ ರಾತ್ರಿ ಹನ್ನೊಂದಕ್ಕ ಆರ್ಡರ್ ಮಾಡಿ ತಿಂತಿಯಂತ, ನಿಮ್ಮವ್ವ ಹೇಳಿದ್ಲು, ಅದ ಪೊಟ್ಟಣ ನೋಡು, ಗಾಡಿ ಮ್ಯಾಲೆ ತರಾಂವ ಬ್ಯಾರೆ ಅಷ್ಟ. ನಾನ ಹಚ್ಚಿದ ರೂಢಿಗೆ ನಾನ ನಾಕ ಮಂದಿ ಮುಂದ ನಿನಗ ಅಂದೆ. ಆ ಪೇಪರಿಗೆ ಎಷ್ಟು ಎಣ್ಣಿ ಹತ್ತಿರ್ತಿತ್ತಂದ್ರ ಈ ಕಡಿ ಅಕ್ಷರ ಆ ಕಡಿಂದ ಓದಬಹುದಿತ್ತು, ಅಷ್ಟು ಎದ್ದು ಕಾಣತಿದ್ರೂ ನನಗ ತಿಳೀಲಿಲ್ಲ.

ಉಪದೇಶ ಮಾಡೂದಿಲ್ಲ ಅಂತ ನಿಮ್ಮವ್ವಗ ಮಾತು ಕೊಟ್ಟೀನಿ. ಆದ್ರ ಉಪ್ಪು ದಿನಕ್ಕ 5 ಗ್ರಾಂ ಒಳಗ ಇರಬೇಕಂತ, ಒಂದ ಚಾ ಚಮಚಾ, ಅದರಾಗ ಉಪ್ಪಿನಕಾಯಿ, ಸಂಡಗಿ, ಹಪ್ಪಳ, ಚಿಪ್ಸ್, ಆ ನೂಡಲ್ಸ್ ಮಸಾಲಿ ಎಲ್ಲಾ ಲೆಕ್ಕ ಬಂತು. ಕೋಲ್ಡ್ರಿಂಕ್ಸ್ ಬಿಡು. ತಲಿ ನೋಯ್ತೈತಿ ಅಂತ ಮಾತ್ ಮಾತಿಗೆ ನೋವಿನ ಗುಳಿಗಿ ನುಂಗಬ್ಯಾಡ, ಅವೂ ಕಿಡ್ನಿಗೆ ಹೊಡೀತಾವ. ಹಂಗಂತ ಉಪವಾಸ ಬಿದ್ದು ಹದಿನೈದು ದಿನದಾಗ ಇಳಸ್ತೀನಿ ಅಂತ ಹೊಂಡಬ್ಯಾಡ, ಸಾವಕಾಶ ಇಳಸು. ಬಿಪಿ ನೋಡಿಸು, ಶುಗರ್, ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ಎಲ್ಲಾ ಒಮ್ಮೆ ಮಾಡಿಸು. ಕ್ರಿಯಾಟಿನಿನ್ ಬರೋಬರಿ ಐತಿ ಅಂತ ಅಲ್ಲಿಗೇ ಬಿಡಬ್ಯಾಡ, ಅದು ಏರೂದು ತಡಾ, ಅಷ್ಟೊತ್ತಿಗೆ ಅರ್ಧ ಕೆಟ್ಟಿರತೈತಿ. ನೋಡು, ಮಾತು ಕೊಟ್ಟಿದ್ದು ಹ್ವಾತು.

ಆಸ್ಪತ್ರ್ಯಾಗ ಡಯಾಲಿಸಿಸ್ ಕೋಣಿ ಬಾಗಿಲು ತೆರದಿತ್ತು. ವಾರಕ್ಕ ಮೂರು ಸಲ, ಒಂದೊಂದು ಸಲ ನಾಕ ತಾಸು ಅಂತ. ಹೊರಗ ಬೆಂಚಿನ ಮ್ಯಾಲೆ ಒಂದು ಹುಡುಗಿ ಕೂತಿತ್ತು, ಮಾರಿ ನೋಡಾಕ ನನಗ ಧೈರ್ಯ ಆಗಲಿಲ್ಲ, ಕಾಲಾಗಿನ ಚಪ್ಪಲಿ ನಿನ್ನಂಥಾವ ಇದ್ದು.

ನಂದು ಅಲ್ಲಿತನಕ ಹೋಗಿಲ್ಲ. ಗುಳಿಗಿ ಬದಲಿ ಮಾಡ್ಯಾರ, ದಿನಾ ಮುಂಜಾನೆ ನಡ್ಯಾಕ ಹೊಂಟೀವಿ, ನಿಮ್ಮವ್ವ ಸಿಟ್ಟಿಲೆ ಹತ್ತು ಹೆಜ್ಜಿ ಮುಂದ ಇರ್ತಾಳ.

ಶುಕ್ರವಾರ ರಾತ್ರಿ ಬಸ್ಸಿಗೆ ರೊಟ್ಟಿ, ಅಗಸಿ ಚಟ್ನಿ ಇಡ್ತೀನಿ. ಚಟ್ನಿ ಸಪ್ಪಗೈತಿ, ಬೈಬ್ಯಾಡ. ಎರಡು ಶೇಂಗಾ ಉಂಡಿನೂ ಅದಾವ, ನೀ ಅವತ್ತು ತಾಟಿನ್ಯಾಗ ಬಿಟ್ಟು ಎದ್ದಿಯಲ್ಲ, ಅದಕ್ಕ. ಕಂಡಕ್ಟರ್‌ಗೆ ನಿನ್ನ ನಂಬರ್ ಕೊಡ್ತೀನಿ, ಅವನ ಫೋನರ ಎತ್ತು.

ನಿಮ್ಮಪ್ಪ